ಹನ್ನೆರಡು ಕುರ್ಚಿಗಳ ಬಣ್ಣ

ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿರುತ್ತದಂತೆ. ಲೆಕ್ಕದ ಮೇಷ್ಟ್ರ ಪ್ರಾಣ ಆ ಶುಕ್ರವಾರ ಐದನೇ ತರಗತಿಯ ಮೂವತ್ತು ಉತ್ತರಪತ್ರಿಕೆಗಳ ಕಟ್ಟಿನಲ್ಲಿತ್ತು.

ನಾಲ್ಕು ತಿಂಗಳಿಂದ ಅವರು ಶಾಲೆ ಬಿಟ್ಟ ಮೇಲೂ ಹಿಂದುಳಿದ ಒಂಬತ್ತು ಮಕ್ಕಳಿಗೆ ಹೆಚ್ಚುವರಿ ಪಾಠ ಮಾಡುತ್ತಿದ್ದರು. ಮುಖ್ಯೋಪಾಧ್ಯಾಯಿನಿ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಮಾತು ಕೊಟ್ಟಿದ್ದರು: “ಈ ಕಿರುಪರೀಕ್ಷೇಲಿ ಮೂವತ್ತರಲ್ಲಿ ಇಪ್ಪತ್ತೈದು ಮಕ್ಕಳು ಪಾಸಾಗ್ಲಿ, ಅವತ್ತಿಗೇ ನಿಮ್ಮ ಹೆಚ್ಚುವರಿ ಪಾಠ ನಿಲ್ಲಿಸ್ತೀನಿ.”

ಮನೆಯಲ್ಲಿ ಏಳು ವರ್ಷದ ಮಗಳು ಹೊಸ ಸೈಕಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಬೆಳಿಗ್ಗೆ ಅಪ್ಪನ ಅಂಗಿ ಹಿಡಿದು ಕೇಳಿದ್ದಳು.

“ಅಪ್ಪಾ, ಇವತ್ತಾದ್ರೂ ಬೇಗ ಬಂದು ಸೈಕಲ್ ಹಿಡ್ಕೋತೀಯಾ?”

“ಖಂಡಿತ ಪುಟ್ಟಿ. ನಾನು ಬರೋ ಹೊತ್ತಿಗೆ ನೀನು ಸೈಕಲ್ ಮೇಲೆ ಕೂತಿರು.”

“ಕೂತ್ರೆ ಬೀಳ್ತೀನಲ್ಲ! ಅದಕ್ಕೇ ಅಲ್ವಾ ನೀನು ಬೇಕಿರೋದು?”

ಆ ಮಾತು ಎದೆಯಲ್ಲಿ ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತಿರುವಾಗಲೇ ಮೇಷ್ಟ್ರು ಶಿಕ್ಷಕರ ಕೋಣೆಯಲ್ಲಿ ಕಟ್ಟು ಬಿಚ್ಚಿದರು. ಮೊದಲ ಮೂರು ಪ್ರಶ್ನೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಸಾಗಿದವು. ನಾಲ್ಕನೆಯದು ಬಂತು: ‘ಒಂದು ಕುರ್ಚಿಗೆ ಕಾಲು ಲೀಟರ್ ಬಣ್ಣ ಬೇಕು. ಹನ್ನೆರಡು ಕುರ್ಚಿಗಳಿಗೆ ಎಷ್ಟು ಲೀಟರ್ ಬೇಕು?’ ಮೂರು ಲೀಟರ್ ಎಂದು ಬರೆದವರು ಹನ್ನೊಂದು ಮಕ್ಕಳು. ಉಳಿದ ಹತ್ತೊಂಬತ್ತೂ ಮಕ್ಕಳು ಮಾತಾಡಿಕೊಂಡವರಂತೆ ನಲವತ್ತೆಂಟು ಎಂದು ಬರೆದಿದ್ದವು. ಕೂಡಿ ನೋಡಿದರೆ ಪಾಸಾದವರು ಬರೀ ಹದಿನಾಲ್ಕು.

“ಕಾಪಿ!” ಎಂದು ಮೇಷ್ಟ್ರು ಮೇಜು ಗುದ್ದಿದರು. “ಹತ್ತೊಂಬತ್ತು ಜನಕ್ಕೂ ಒಂದೇ ತಪ್ಪು! ಯಾರೋ ಒಬ್ಬ ಹೊತ್ತಿಸಿದ, ಇಡೀ ಕೋಣೆ ಉರೀತು!”

ಆ ಶಾಲೆಯಲ್ಲಿ ಒಬ್ಬರ ತಲೆನೋವು ಒಬ್ಬರದಾಗಿಯೇ ಉಳಿದ ಚರಿತ್ರೆಯಿಲ್ಲ. ವಿಜ್ಞಾನದ ಟೀಚರ್ ತಮ್ಮ ಕೆಲಸ ಅಲ್ಲಿಗೇ ಬಿಟ್ಟು ಎದ್ದರು. ಏನು ಸಿಕ್ಕಿದರೂ ಚಾರ್ಟಿನ ಮೇಲೆ ಚುಕ್ಕಿ ಇಟ್ಟು ನೋಡುತ್ತಾರೆಂದು ಅವರಿಗೆ ಚುಕ್ಕಿ ಟೀಚರ್ ಎಂದೇ ಹೆಸರು.

“ಕೂಗಾಡ್ಬೇಡಿ ಸಾರ್. ಯಾರು ಎಲ್ಲಿ ಕೂತಿದ್ರು ಹೇಳಿ. ನಲವತ್ತೆಂಟಕ್ಕೆ ಕೆಂಪು, ಮೂರಕ್ಕೆ ಹಸಿರು. ಕಾಪಿ ಆಗಿದ್ರೆ ಕೆಂಪೆಲ್ಲ ಒಂದೇ ಕಡೆ ಗುಂಪು ಕಟ್ಟುತ್ತೆ.”

ಗುಂಪು ಕಟ್ಟಲಿಲ್ಲ. ಕೆಂಪು ಚುಕ್ಕಿಗಳು ಸೊಳ್ಳೆ ಕಚ್ಚಿದ ಮುಖದಂತೆ ಎಲ್ಲೆಂದರಲ್ಲಿ ಎದ್ದವು. ಸಾಲದ್ದಕ್ಕೆ, ಪರೀಕ್ಷೆಯ ದಿನ ಜ್ವರ ಬಂದು, ಮಾರನೆಯ ದಿನ ಬೇರೆ ಪ್ರಶ್ನೆಗಳ ನಡುವೆ ಇದನ್ನೂ ಬರೆದ ಎರಡು ಜಡೆಯ ಹುಡುಗಿಯದೂ ನಲವತ್ತೆಂಟೇ.

“ಇವಳು ಒಬ್ಬಳೇ ಕೂತಿದ್ದಳು,” ಎಂದರು ಕನ್ನಡ ಟೀಚರ್, ಕನ್ನಡಕದ ಮೇಲಿಂದ ನೋಡುತ್ತಾ. “ಕಿಟಕಿ ನೋಡ್ಕೊಂಡು ಕಾಪಿ ಹೊಡೆದಳೇನೋ ಪಾಪ.”

“ತಲೆಗೆ ರಕ್ತ ಹರೀತಿಲ್ಲ, ಅಷ್ಟೇ!” ಬಾಗಿಲಲ್ಲಿ ನಿಂತು ಆಟದ ಮೇಷ್ಟ್ರು ತೀರ್ಪು ಕೊಟ್ಟರು. “ಎರಡು ಸುತ್ತು ಓಡಿಸಿ, ಆಮೇಲೆ ಬರೆಸಿ. ನನ್ನ ಪಿರಿಯಡ್ ತಗೊಳ್ಳಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೇಷ್ಟ್ರು ಆ ಹತ್ತೊಂಬತ್ತು ಮಕ್ಕಳನ್ನು ಮೈದಾನಕ್ಕಿಳಿಸಿದರು. ಹುರಿದುಂಬಿಸಲೆಂದು ತಾವೂ ಓಡಿದರು. ಮೊದಲ ತಿರುವಿನಲ್ಲೇ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತು, ಉಳಿದ ಸುತ್ತನ್ನು ಕೊಕ್ಕರೆಯ ಹಾಗೆ ಕುಂಟುತ್ತಾ ಮುಗಿಸಿದರು. ಮಕ್ಕಳು ಟೊಮೆಟೊ ಮುಖ ಮಾಡಿಕೊಂಡು ಒಳಬಂದು ಮತ್ತೆ ನಲವತ್ತೆಂಟನ್ನೇ ಬರೆದವು. ಈ ಸಲ ಒಂದಿಷ್ಟು ಬೇಗ ಬರೆದವು, ಅಷ್ಟೇ ವ್ಯತ್ಯಾಸ.

ಊಟದ ಬಿಡುವಿನಲ್ಲಿ ನಾಲ್ವರೂ ಚಾರ್ಟಿನ ಮುಂದೆ ಕೂತರು. ಚುಕ್ಕಿ ಟೀಚರ್ ಡಬ್ಬಿಯ ಮುಚ್ಚಳ ತೆಗೆದಿದ್ದರು, ತುತ್ತೆತ್ತಿರಲಿಲ್ಲ. ಕನ್ನಡ ಟೀಚರಿಗೆ ತಿದ್ದಲು ತಮ್ಮದೇ ಅರವತ್ತು ಪ್ರಬಂಧಗಳಿದ್ದವು. ಯಾರದೋ ಮಕ್ಕಳ ಯಾವುದೋ ಒಂದು ಲೆಕ್ಕಕ್ಕಾಗಿ ಇವರು ಹೀಗೆ ಹಸಿದು ಕೂತಿದ್ದನ್ನು ನೋಡಿದ್ದರೆ, ತಪಸ್ಸಿಗೆ ಕಾಡೇ ಬೇಕೆಂದು ಯಾವ ಋಷಿಯೂ ಹಟ ಹಿಡಿಯುತ್ತಿರಲಿಲ್ಲ.

“ಚುಕ್ಕಿ ಎಲ್ಲಿದೆ ಅಂತ ಗೊತ್ತಾಯ್ತು,” ಎಂದರು ಕನ್ನಡ ಟೀಚರ್ ಕೊನೆಗೆ. “ಯಾಕಿದೆ ಅಂತ ಮಗೂನೇ ಹೇಳ್ಬೇಕು. ಕರೀರಿ ಆ ಎರಡು ಜಡೆಯವಳನ್ನ.”

ಹುಡುಗಿ ಬಂದಳು. ಕೋಣೆಯ ಕುರ್ಚಿಯನ್ನೇ ಬೆರಳು ಮಾಡಿ ತೋರಿಸಿ ವಿವರಿಸಿದಳು.

“ಒಂದು ಕುರ್ಚಿಗೆ ಕಾಲು ನಾಲ್ಕು ಟೀಚರ್. ಕಾಲು ಲೀಟರ್ ಅಂದ್ರೆ ಒಂದೊಂದು ಕಾಲಿಗೆ ಒಂದೊಂದು ಲೀಟರ್. ಹನ್ನೆರಡು ಕುರ್ಚಿಗೆ ನಲವತ್ತೆಂಟು ಕಾಲು, ನಲವತ್ತೆಂಟು ಲೀಟರ್.”

ನಾಲ್ವರ ಕಣ್ಣೂ ಕುರ್ಚಿಯ ಕಾಲುಗಳ ಮೇಲೆ ಹೋದವು.

“ಅಲ್ಲಮ್ಮಾ, ಒಂದು ಕಾಲಿಗೆ ಒಂದು ಲೀಟರ್ ಬಣ್ಣ ಯಾರಾದ್ರೂ ಬಳೀತಾರಾ?” ಎಂದರು ಮೇಷ್ಟ್ರು ಕ್ಷೀಣವಾಗಿ.

“ನಂಗೂ ಹಾಗೇ ಅನ್ನಿಸ್ತು ಸಾರ್. ಆದ್ರೆ ನಿಮ್ಮ ಲೆಕ್ಕದಲ್ಲಿ ಎಲ್ಲರೂ ಜಾಸ್ತೀನೇ ತಗೋತಾರಲ್ಲ. ಹೋದ ವಾರ ಒಬ್ರು ಒಬ್ರೇ ಅರವತ್ತು ಕಲ್ಲಂಗಡಿ ತಗೊಂಡ್ರು.”

ಆಟದ ಮೇಷ್ಟ್ರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ಲೆಕ್ಕದ ಮೇಷ್ಟ್ರು ಹಣೆ ಚಚ್ಚಿಕೊಂಡರು. “ತಪ್ಪು ನಂದೇ. ವರ್ಷವಿಡೀ ‘ನಾಲ್ಕನೇ ಒಂದು’ ಅಂತಲೇ ಹೇಳಿಕೊಟ್ಟೆ. ‘ಕಾಲು’ ಅಂತ ಒಂದು ದಿನವೂ ಬಾಯಿ ಬಿಟ್ಟಿಲ್ಲ.”

ಹೇಳುತ್ತಿದ್ದಂತೆ ಅವರ ಕಣ್ಣು ಬೆಳಗಿತು. ಮಕ್ಕಳಿಗೆ ಗುಣಾಕಾರ ಬರುತ್ತದೆ! ಚಾರ್ಟು ಸುತ್ತಿಕೊಂಡು ಕುಂಟುತ್ತಲೇ ದೊಡ್ಡ ಮೇಡಂ ಕೋಣೆಗೆ ಓಡಿದರು. ಉಳಿದ ಮೂವರೂ ಬೆನ್ನಿಗೇ ಹೋದರು.

ದೊಡ್ಡ ಮೇಡಂ ಚುಕ್ಕಿಗಳನ್ನು ಒಂದೊಂದಾಗಿ ನೋಡಿದರು. “ಎಂಥ ಕೆಲಸ ಮಾಡಿದ್ದೀರಿ! ಕಾಪಿ ಅಂತ ಬೈದಿದ್ರೆ ಹತ್ತೊಂಬತ್ತು ಮಕ್ಕಳ ಮನಸ್ಸು ಮುರೀತಿತ್ತು. ತಪ್ಪು ಪ್ರಶ್ನೇದು. ಅದನ್ನ ಕೈಬಿಡಿ. ಈಗ ಪಾಸಾದೋರು ಎಷ್ಟು?”

“ಇಪ್ಪತ್ತೇಳು!”

“ಹಾಗಾದ್ರೆ ಹೆಚ್ಚುವರಿ ಪಾಠ ಇವತ್ತಿಗೆ ಮುಗೀತು.” ಅವರು ಆದೇಶದ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮೇಷ್ಟ್ರು ಗೆದ್ದಿದ್ದರು. ಆದರೆ ಗೆದ್ದವನ ನಾಲಿಗೆ ಸುಮ್ಮನಿರುತ್ತದೆಯೇ?

“ಒಂದು ನಿಮಿಷ ಮೇಡಂ. ಹಸಿರು ಚುಕ್ಕಿಯೋರನ್ನೂ ನೀವು ಕೇಳ್ಬೇಕು. ಅರ್ಥ ಮಾಡ್ಕೊಂಡು ಬರೆದ ಹನ್ನೊಂದು ರತ್ನಗಳು!” ಎಂದು ತರಗತಿಗೇ ಮೊದಲಿಗನನ್ನು ಕರೆಸಿದರು. “ಹೇಳಪ್ಪಾ, ಮೂರು ಹೇಗೆ ಬಂತು?”

ಹುಡುಗ ಕೈಕಟ್ಟಿ ನಿಂತು ಘಂಟಾನಾದದಂತೆ ಹೇಳಿದ: “ಕುರ್ಚಿ ಹನ್ನೆರಡು ಸಾರ್. ಕುರ್ಚಿಗೆ ಕಾಲು ನಾಲ್ಕು. ಹನ್ನೆರಡನ್ನ ನಾಲ್ಕರಿಂದ ಭಾಗಿಸಿದ್ರೆ ಮೂರು.”

“ಭಾಗ... ಯಾಕೆ ಮಾಡಿದೆ?”

“ಈ ವಾರ ನೀವು ಭಾಗಾಕಾರ ಮಾಡಿಸ್ತಿದ್ದೀರಲ್ಲ ಸಾರ್! ನಾವು ಹನ್ನೊಂದು ಜನ ಅದನ್ನ ನೆನಪಿಟ್ಕೊಂಡಿದ್ವಿ.”

ಪೆನ್ನಿನ ಮುಚ್ಚಳ ಟಕ್ಕೆಂದು ಮುಚ್ಚಿಕೊಂಡಿತು. ದೊಡ್ಡ ಮೇಡಂ ಮುಖದಲ್ಲಿ ಕೋಪವಿರಲಿಲ್ಲ, ನಿಧಿ ಸಿಕ್ಕಿದ ಬೆಳಕಿತ್ತು.

“ಸಾರ್, ನಿಮ್ಮಂಥೋರು ಸಿಗೋದು ಅಪರೂಪ. ಸರಿ ಉತ್ತರವನ್ನೂ ಅನುಮಾನಿಸಿ ಕೇಳಿದ್ರಲ್ಲ! ಅಂದ್ರೆ ‘ಕಾಲು’ ಮೂವತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇನ್ನು ಒಂಬತ್ತು ಜನಕ್ಕಲ್ಲ, ಮೂವತ್ತು ಜನಕ್ಕೂ ಹೆಚ್ಚುವರಿ ಪಾಠ. ಇವತ್ತಿನಿಂದಲೇ.”

ಮೇಷ್ಟ್ರು ಗಾಳಿ ಹೋದ ಬಲೂನಾದರು. ಸಹೋದ್ಯೋಗಿಗಳು ಕೈಬಿಡಲಿಲ್ಲ. ಪದಗಳ ಪಟ್ಟಿ ತಾನು ಮಾಡುತ್ತೇನೆಂದರು ಕನ್ನಡ ಟೀಚರ್. ಬಾಟಲಿಗಳಲ್ಲಿ ನೀರು ಅಳೆಸಲು ನಿಂತರು ಚುಕ್ಕಿ ಟೀಚರ್. “ನಾನೇನು ಮಾಡ್ಲಿ?” ಎಂದರು ಆಟದ ಮೇಷ್ಟ್ರು.

“ನೀವು ನಮ್ಮನೆಗೆ ಹೋಗಿ, ನಾನು ಬರೋ ತನಕ ಮಗಳ ಸೈಕಲ್ ಹಿಡ್ಕೊಂಡಿರಿ,” ಎಂದರು ಮೇಷ್ಟ್ರು ಅಳುವ ದನಿಯಲ್ಲಿ.

ಸಂಜೆ ಮೂವತ್ತು ಮಕ್ಕಳೂ ಕಾಲು ಲೀಟರನ್ನು ಕಣ್ಣಾರೆ ಅಳೆದು, ಆ ನಲವತ್ತೆಂಟು ಲೀಟರಿಗೆ ಬಿದ್ದು ಬಿದ್ದು ನಕ್ಕವು. ಆ ನಗುವಿನಲ್ಲಿ ಮೇಷ್ಟ್ರು ಅರೆಗಳಿಗೆ ತಮ್ಮ ದುಃಖವನ್ನೂ ಮರೆತರು. ಪಾಠ ಮುಗಿದದ್ದೇ ಮನೆಗೆ ಓಡಿದರು. ಬಿಸಿಲು ಇನ್ನೂ ಬೀದಿಯ ತುದಿಯಲ್ಲಿತ್ತು.

ಮೆಟ್ಟಿಲ ಮೇಲೆ ಆಟದ ಮೇಷ್ಟ್ರು ಕಾಲು ಚಾಚಿ ಕೂತಿದ್ದರು. “ಗಟ್ಟಿ ಹುಡುಗಿ ಸಾರ್! ಎರಡು ಸಲ ಹಿಡ್ಕೊಂಡೆ, ಮೂರನೇ ಸಲ ಬಿಟ್ಟೆ. ಕಲಿತೇಬಿಟ್ಟಳು!”

ಬೀದಿಯಲ್ಲಿ ಮಗಳು ಗಾಳಿಯಂತೆ ಬರುತ್ತಿದ್ದಳು. ಹಿಂದೆ ಯಾರೂ ಇರಲಿಲ್ಲ.

“ಅಪ್ಪಾ, ಹಿಡ್ಕೋ!”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಎರಡೂ ಕೈ ಚಾಚಿಕೊಂಡು ಓಡಿದರು. ಮಗಳು ಸೈಕಲ್ ನಿಲ್ಲಿಸದೆಯೇ ಹೆಗಲ ಮೇಲಿದ್ದ ಸ್ವೆಟರನ್ನು ಆ ಕೈಗಳಿಗೆ ಎಸೆದು, ತಿರುವಿನಲ್ಲಿ ಮರೆಯಾದಳು.