ಕೆಲಸ ಬಿಟ್ಟ ಜೀನ್ ಯಾರ ಕಡೇದು?

ಡಾಕ್ಟ್ರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಜನಕ್ಕೆ ತಿಳಿಯೋ ಹಾಗೆ ಹೇಳೋದು ಮಕ್ಕಳ ಆಸ್ಪತ್ರೆಯಲ್ಲಿ ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದ ಬಂದರೂ ಮಗು ಒಂದು, ಹಿಂದೆ ಅಜ್ಜಿಯರು ಇಬ್ಬರು. ನಗದೆ ಮನೆಗೆ ಹೋದ ದಿನ ಕಮ್ಮಿ. ಇದಿಷ್ಟೂ ಒಂದೇ ಮನೆಯದು.

೧. ಯಾರ ಹಾಗೆ?

ಐದು ತಿಂಗಳ ಗಂಡುಮಗು, ವರ್ಷದ ಮಗುವಿನ ತೂಕ. ನಾಲಿಗೆ ಎಷ್ಟು ದಪ್ಪ ಅಂದರೆ ಬಾಯೊಳಗೆ ನಿಲ್ಲದು.

"ನನ್ನ ಮಗನೂ ಹಿಂಗೇ ಗುಂಡುಗುಂಡಗಿದ್ದ," ಅಂದರು ಅಪ್ಪನ ತಾಯಿ, ಸಾಸ್ವೆಹಳ್ಳಿ ಅಜ್ಜಿ.

"ಏ ಬಿಡ್ರೀ, ಇದು ನಮ್ಮ ಕಡೆ ಮೈಕಟ್ಟು," ಅಂದರು ಅಮ್ಮನ ತಾಯಿ, ಜಗಳೂರು ಅಜ್ಜಿ.

ಡಾಕ್ಟ್ರು ನೋಡಿ, "ಬೆಳವಣಿಗೆ ಅತಿಯಾಯ್ತು, ಪರೀಕ್ಷೆ ಮಾಡ್ಬೇಕು" ಅಂದರು.

"ನಮ್ಮನೇಲಿ ಎಲ್ರೂ ಸಣಕಲು ಕಣ್ರೀ!" ಇಬ್ಬರೂ ಒಟ್ಟಿಗೇ ಅಂದರು.

೨. ದುಡಿಯೋದು ಯಾರು?

ಪರೀಕ್ಷೆಯ ಫಲಿತಾಂಶ ಬಂದಾಗ ನಾನು ಶುರುಮಾಡಿದೆ. "ಬೆಳೆದದ್ದು ಸಾಕು ಅಂತ ತಡೆಯೋ ಜೀನ್ ಒಂದೈತೆ. ಅದು ಬೇರೆ ಜೀನ್‌ಗಳ ಹಾಗೆ ಪ್ರೋಟೀನ್ ಮಾಡಲ್ಲ, ಬರೀ ಆರ್‌ಎನ್‌ಎ ಅನ್ನೋ ಎಳೆ ಮಾಡ್ತೈತೆ. ಎಲ್ಲರಿಗೂ ಅದರ ಎರಡು ಪ್ರತಿ ಬರ್ತಾವೆ. ಅಪ್ಪನಿಂದ ಬಂದಿದ್ದು ಎಲ್ಲರಲ್ಲೂ ಸುಮ್ನೆ ಕೂತಿರ್ತೈತೆ, ಅಮ್ಮನಿಂದ ಬಂದಿದ್ದೇ ದುಡೀಬೇಕು. ಈ ಮಗೂನಲ್ಲಿ ಅದೂ ಸುಮ್ಮನಾಗೈತೆ."

ಸಾಸ್ವೆಹಳ್ಳಿ ಅಜ್ಜಿ ಎದ್ದು ನಿಂತರು. "ನೋಡಿದ್ರಾ! ಕೆಲ್ಸ ಬಿಟ್ಟಿದ್ದು ನಿಮ್ಮ ಕಡೇದು!"

"ನಿಮ್ಮ ಕಡೇದು ಕೆಲ್ಸ ಹಿಡಿದಿದ್ದೇ ಯಾವಾಗ, ಹೇಳ್ರೀ?" ಅಂದರು ಜಗಳೂರು ಅಜ್ಜಿ.

ಮಗುವಿನ ಅಪ್ಪ ಮೆಲ್ಲಗೆ ಎದ್ದು ಹೊರಗೆ ಹೋದ.

೩. ಘಾಟು

ಇದು ಯಾರ ತಪ್ಪೂ ಅಲ್ಲ, ಆದರೆ ಇಂಥ ಮಕ್ಕಳಿಗೆ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ ಬರಬಹುದು, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಬೇಗ ಸಿಕ್ಕರೆ ವಾಸಿಯಾಗ್ತೈತೆ ಅಂದೆ. ಸಾಸ್ವೆಹಳ್ಳಿ ಅಜ್ಜಿ ಬಿಲ್ಕುಲ್ ಒಪ್ಪಲಿಲ್ಲ. "ದೃಷ್ಟಿ ತಾಗೈತೆ, ಸ್ಕ್ಯಾನ್ ಯಾಕ್ರೀ?" ಮಗುವಿನ ತಾಯಿಯ ಕಣ್ಣಲ್ಲಿ ನೀರು. ನನಗೆ ಸಿಟ್ಟು ನೆತ್ತಿಗೇರಿತು.

ಅಜ್ಜಿ ಆಸ್ಪತ್ರೆ ಎದುರಿನ ಅಂಗಡಿಯಿಂದ ಒಣಮೆಣಸಿನಕಾಯಿ ತಂದು, ಮಗುವಿಗೆ ನಿವಾಳಿಸಿ, ಟೀ ಅಂಗಡಿಯ ಒಲೆಗೆ ಹಾಕಿದರು. ದೃಷ್ಟಿ ಇದ್ದರೆ ಘಾಟು ಬರೋದಿಲ್ಲ ಅಂತ ನಂಬಿಕೆ. ಟೀ ಅಂಗಡಿಯವನು ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತ.

ಅಜ್ಜಿಯ ಮುಖ ಬಾಡಿತು. "ಹಂಗಾದ್ರೆ ದೃಷ್ಟಿ ಅಲ್ಲ. ನಡೀರಿ, ಸ್ಕ್ಯಾನ್ ಮಾಡ್ಸಾಣ."

ನನ್ನ ಅಷ್ಟುದ್ದದ ಮಾತಿಗೆ ಆಗದ್ದು ಅವನ ಕೆಮ್ಮಿಗೆ ಆಯ್ತು.

೪. ಬೀಗರು

ಸ್ಕ್ಯಾನ್ ರೂಮಿನಲ್ಲಿ ಡಾಕ್ಟ್ರು ಮಗುವಿನ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು, ಮತ್ತೆ ಆಡಿಸಿದರು. ನಾನು ಪರದೆಯನ್ನೇ ನೋಡುತ್ತಾ ನಿಂತೆ. ಅಜ್ಜಿಯರಿಬ್ಬರೂ ಹಿಂದೆ ಒಂದೇ ಬೆಂಚಿನ ಮೇಲೆ ಕೂತಿದ್ದರು.

"ಎರಡೂ ಮೂತ್ರಪಿಂಡ ಚೆನ್ನಾಗಿವೆ. ಗಡ್ಡೆ ಇಲ್ಲ."

ತಾಯಿ ಅತ್ತಳು, ನಾನೂ ಅತ್ತೆ. ತಿರುಗಿ ನೋಡಿದರೆ ಜಗಳೂರು ಅಜ್ಜಿಯ ಮುಂಗೈಯಲ್ಲಿ ರಕ್ತ, ಕೆಳಗೆ ಗಾಜಿನ ಬಳೆಯ ಚೂರು.

"ಅಯ್ಯೋ, ಏನಾಯ್ತಜ್ಜಿ?" ಅಂದರು ಡಾಕ್ಟ್ರು.

"ಏನಿಲ್ಲ ಸರ್, ಬೀಗರು ಕೈ ಗಟ್ಟಿಯಾಗಿ ಹಿಡ್ಕಂಡ್ರು. ಬಿಡಿಸ್ಕೊಳ್ಳಾಕೆ ಹೋದ್ರೆ, ನಾನೂ ಅವ್ರದ್ದು ಹಿಡ್ಕಂಡಿದ್ದೆ!"