ಭಾವನ ಭಾನುವಾರದ ಮೀನು

ದಂತಣ್ಣನ ಎಡಗಾಲಿನ ಹೆಬ್ಬೆರಳಿನ ಉಗುರು ಶನಿವಾರ ಬೆಳಿಗ್ಗೆ ಕಿತ್ತುಬಂತು. ಕಾರಣ ಒಂದು ದೋಣಿ. ದೋಣಿ ನೀರಿನಲ್ಲಿರಲಿಲ್ಲ, ಅವನ ಮನೆಯ ಪ್ಯಾಸೇಜಿನಲ್ಲಿ, ಮುಂಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ, ಹೊರಡುವ ಮಾತೇ ಎತ್ತದ ನೆಂಟನಂತೆ ಕಾಲು ಚಾಚಿ ಮಲಗಿತ್ತು.

ಅದು ಕಯಾಕ್ ಎಂಬ ಜಾತಿಯದು. ಒಬ್ಬರೇ ಕೂರಬಹುದಾದ, ಎರಡೂ ತುದಿ ಚೂಪಾದ, ಹಳದಿ ಪ್ಲಾಸ್ಟಿಕ್ ದೋಣಿ. ಭಾವನದು. ಭಾವ ಪ್ರತಿ ಭಾನುವಾರ ಬೆಳಿಗ್ಗೆ ಅದರಲ್ಲಿ ಒಬ್ಬರೇ ಸಮುದ್ರಕ್ಕೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಮೀನು ತರುತ್ತಿದ್ದರು. ಒಂದು ಸಂಜೆ ಕುರ್ಚಿಯಲ್ಲಿ ಕೂತು ಗಾಳದ ರೀಲಿಗೆ ಎಣ್ಣೆ ಬಿಡುತ್ತಿದ್ದವರು, ಎಣ್ಣೆ ಡಬ್ಬಿ ಕೆಳಗಿಡದೆಯೇ ಹೋಗಿಬಿಟ್ಟರು. ಆಮೇಲೆ ಅಕ್ಕ ಎರಡು ಪೆಟ್ಟಿಗೆ ಮತ್ತು ಒಂದು ದೋಣಿಯ ಸಮೇತ ಅದೇ ಊರಿನಲ್ಲಿದ್ದ ತಮ್ಮನ ಮನೆಗೆ ಬಂದಳು.

ತಮ್ಮನಿಗೆ ಹೆಂಡತಿ ಮಕ್ಕಳಿರಲಿಲ್ಲ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಆ ಬಡಾವಣೆಯ ಮುದುಕರಲ್ಲಿ ಅರ್ಧದಷ್ಟು ಜನ ನಗುತ್ತಿದ್ದದ್ದು ಅವನು ಮಾಡಿದ ಹಲ್ಲಿನಲ್ಲೇ. ಅದಕ್ಕೇ ದಂತಣ್ಣ ಎಂಬ ಹೆಸರು. ಅವನು ಮಾತ್ರ ನಗುವುದು ಕಡಿಮೆ; ಅಕ್ಕ ಬಂದ ಮೇಲಂತೂ ಆ ಮನೆಯಲ್ಲಿ ನಗು ಎಂಬುದು ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿಟ್ಟ ಹಲ್ಲುಗಳ ಪಾಲಿಗಷ್ಟೇ ಉಳಿದಿತ್ತು.

ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ ಅವನು ಧೈರ್ಯ ಮಾಡಿ ಕೇಳಿದ. "ಅಕ್ಕಾ, ಈ ದೋಣೀನ ಯಾರಿಗಾದ್ರೂ ಕೊಟ್ಟುಬಿಡೋಣ್ವಾ?"

ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಬಂದ ದಿನದಿಂದ ಅವಳು ಅತ್ತಿರಲಿಲ್ಲ, ಹೆಚ್ಚು ಮಾತೂ ಆಡಿರಲಿಲ್ಲ. ದಂತಣ್ಣನಿಗೆ ಅದೇ ಭಯ. ಅತ್ತರೆ ಸಮಾಧಾನ ಮಾಡಬಹುದು. ಸುಮ್ಮನೆ ಕೂತವರಿಗೆ ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಕೊಡು," ಎಂದಳು ಅಕ್ಕ. "ಅದಕ್ಕೆ ಮುಂಚೆ ಅದರಲ್ಲಿ ಕೂತು ಹೋಗಿ ನನಗೊಂದು ಮೀನು ಹಿಡ್ಕೊಂಡು ಬಾ. ಒಂದೇ ಒಂದು. ಆಮೇಲೆ ನೀನು ಯಾರಿಗೆ ಕೊಟ್ರೂ ನಾನು ಕೇಳಲ್ಲ."

"ನನಗೆ ಈಜು ಬರಲ್ವಲ್ಲ ಅಕ್ಕ."

"ಮೀನಿಗೆ ಬರತ್ತೆ. ನೀನು ಕೂತಿದ್ರೆ ಸಾಕು."

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಎದುರು ಮನೆಯ ನಿವೃತ್ತ ಕಂಡಕ್ಟರು ಪೇಪರ್ ಓದುವ ನೆಪದಲ್ಲಿ ಬಾಗಿಲಲ್ಲೇ ನಿಂತಿದ್ದರು. ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ಮೇಲಿನ ಮನೆಯ ಟೀಚರಮ್ಮ ಇಳಿದು ಬಂದು, ಭಾವನ ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿಸಿ, ದಂತಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಇದೇನು?"

"ಹುಟ್ಟು."

"ಎರಡು ಕಡೆನೂ ಅಲಗು ಯಾಕಿದೆ?"

ದಂತಣ್ಣ ಹುಟ್ಟನ್ನು ತಿರುಗಿಸಿ ನೋಡಿದ.

"ಎಡಕ್ಕೊಂದು ಸಲ, ಬಲಕ್ಕೊಂದು ಸಲ ನೀರು ತಳ್ಳೋಕೆ. ಇದು?"

"ಲಂಗರು."

"ಎಲ್ಲಿ ಹಾಕ್ತೀರಿ?"

"ನೀರಲ್ಲಿ."

"ಹಗ್ಗ ಕಟ್ಟಿ," ಎಂದು ಟೀಚರಮ್ಮ ಹೇಳುವಷ್ಟರಲ್ಲಿ ಮೇಲೆ ಅವರ ಕುಕ್ಕರು ಕೂಗಿತು. ಅವರು ಎದ್ದು ಓಡಿದರು. ಪಾಠ ಅಲ್ಲಿಗೇ ನಿಂತಿತು.

ಭಾನುವಾರ ಬೆಳಿಗ್ಗೆ ಆಕಾಶ ಬೂದಿ ಬಣ್ಣಕ್ಕಿತ್ತು. ಧೂಳು ಕೂರದಿರಲೆಂದು ಅಕ್ಕ ದೋಣಿಗೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಾಗೆಯೇ ನಾಲ್ಕು ಜನ ಹೆಗಲು ಕೊಟ್ಟು ಮೆಟ್ಟಿಲು ಇಳಿಸಿದರು. ಮುಂದೆ ದಂತಣ್ಣ ತಲೆ ಬಗ್ಗಿಸಿ ನಡೆದ, ಕಾಲುಬೆರಳಿನ ನೋವಿಗೆ ಕುಂಟುತ್ತ. ಬೀದಿಯಲ್ಲಿ ಅಂಗಡಿಯವರು ಎದ್ದು ನಿಂತರು. ಸೈಕಲ್ಲಿನವನೊಬ್ಬ ಇಳಿದು ಪಕ್ಕಕ್ಕೆ ಸರಿದ. ಒಬ್ಬ ಹಿರಿಯರಂತೂ ಬಂದು ದಂತಣ್ಣನ ಭುಜ ಮುಟ್ಟಿ, "ಯಾವಾಗ ಹೋದ್ರು?" ಎಂದು ಮೆಲ್ಲಗೆ ಕೇಳಿದರು.

"ಈಗ ಹೋಗ್ತಾ ಇದ್ದೀವಿ," ಎಂದರು ಹಿಂದಿನಿಂದ ಕಂಡಕ್ಟರು. "ಮೀನಿಗೆ."

ಹಿರಿಯರು ಕೈ ಹಿಂದಕ್ಕೆ ತೆಗೆದುಕೊಂಡರು.

ದಡ ಮುಟ್ಟಿದ ಮೇಲೆ ಹೆಗಲು ಕೊಟ್ಟ ಉಳಿದವರು ಕೈ ಒರೆಸಿಕೊಂಡು ಹೊರಟರು; ಕಂಡಕ್ಟರು ಉಳಿದರು. ಭಾವನ ಲೈಫ್ ಜಾಕೆಟ್ ದಂತಣ್ಣನಿಗೆ ಕಿವಿಯವರೆಗೆ ಬಂತು. ಆಮೆ ಚಿಪ್ಪಿನಿಂದ ಇಣುಕಿದಂತೆ ಮುಖ ಮಾತ್ರ ಹೊರಗಿತ್ತು. ಜಾಕೆಟ್ಟಿಗೆ ಕಟ್ಟಿದ್ದ ಸೀಟಿಯನ್ನು ಕಂಡ ಕೂಡಲೇ ಕಂಡಕ್ಟರರ ಕಣ್ಣು ಮಿನುಗಿತು. ಕೆಲಸ ಬಿಟ್ಟ ಮೇಲೆ ಅವರು ಸೀಟಿ ಊದಿರಲಿಲ್ಲ. ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡರು.

"ನೋಡ್ರೀ, ಒಂದು ಸೀಟಿ ಅಂದ್ರೆ ನಿಲ್ಸಿ. ಎರಡು ಅಂದ್ರೆ ಹೋಗಿ. ನಾನಿದ್ದೀನಿ, ಹೆದರ್ಬೇಡಿ."

"ಇದರ ಮುಂಭಾಗ ಯಾವುದು?"

"ಯಾವ ಕಡೆ ಕೂತ್ರೂ ಒಂದೇ. ಇದೇನು ಬಸ್ಸಾ?"

ದಂತಣ್ಣ ಕೂತ. ಬೆನ್ನಿಗೆ ಒರಗು ಸಿಗಲಿಲ್ಲ; ಅದು ಮೊಣಕಾಲಿಗೆ ಒತ್ತುತ್ತಿತ್ತು. ದೋಣಿ ಮಾಡಿದವರ ತಪ್ಪೆಂದುಕೊಂಡು ಹುಟ್ಟು ಹಾಕತೊಡಗಿದ. ಹೀಗೆ ಅವನು ದೋಣಿಯ ಹಿಂಭಾಗವನ್ನು ಮುಂದು ಮಾಡಿಕೊಂಡು, ಕಂಡಕ್ಟರರ ಎರಡೆರಡು ಸೀಟಿಗೆ ಸರಿಯಾಗಿ ಸಮುದ್ರದೊಳಕ್ಕೆ ಹೋದ. ಅಲೆಯ ಸಾಲು ದಾಟುವ ಹೊತ್ತಿಗೆ ಸೀಟಿ ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಕಂಡಕ್ಟರು ಮಂಡಿಯುದ್ದ ನೀರಿನಲ್ಲಿ ಬಗ್ಗಿ, ಎರಡೂ ಕೈಯಿಂದ ಮರಳು ಬಾಚುತ್ತಿದ್ದರು. ಆಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮನೆಯ ಕಡೆ ಸರಸರನೆ ನಡೆದರು. ನೀರಿಗೆ ಬಿದ್ದದ್ದೇನೆಂದು ದಂತಣ್ಣನಿಗೆ ತಿಳಿಯಿತು. ಹಲ್ಲಿನ ಮೇಲಿನ ಸೆಟ್ಟು, ಅವನೇ ಕೈಯಾರೆ ಮಾಡಿದ್ದು. ಸೀಟಿ ಊದಬಾರದೆಂದು ಗಿರಾಕಿಗೆ ಹೇಳಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ.

ಇನ್ನು ಅವನು ಒಬ್ಬನೇ.

ಒಂದು ಕಡೆ ನಿಲ್ಲಲೆಂದು ಲಂಗರನ್ನು ಎತ್ತಿ ನೀರಿಗೆ ಹಾಕಿದ. ಅದು ಗುಳಕ್ಕೆಂದು ಹೋಯಿತು. ಹಗ್ಗ ಅವನ ಕಾಲ ಬಳಿ, ಸುತ್ತಿಟ್ಟಿದ್ದ ಹಾಗೇ ಉಳಿಯಿತು. ಟೀಚರಮ್ಮನ ಕುಕ್ಕರು ನುಂಗಿದ ಪಾಠ ಏನಿತ್ತೆಂಬುದು ಅವನಿಗೆ ಈಗ ತಿಳಿಯಿತು. ಭಾವನ ಗಾಳದ ಸಾಮಾನಿನ ಡಬ್ಬಿಯಿಂದ ಕೊಕ್ಕೆಯಿದ್ದ ಬಣ್ಣದ ಪ್ಲಾಸ್ಟಿಕ್ ಮೀನೊಂದನ್ನು ಗಾಳದ ದಾರಕ್ಕೆ ಕಟ್ಟಿ ಬೀಸಿದ. ಅದು ತಲೆಯ ಮೇಲೆ ಒಂದು ಸುತ್ತು ಹಾಕಿ ಬಂದು ಅವನ ಪ್ಯಾಂಟಿಗೇ ಕಚ್ಚಿಕೊಂಡಿತು. ಬಿಡಿಸಿದಾಗ ಪ್ಯಾಂಟಿನ ಒಂದು ಚೂರೂ ಜೊತೆಗೆ ಬಂತು. ಎರಡನೆಯ ಸಲ ಬೀಸಿದಾಗ ದಾರ ತುಂಡಾಗಿ ಪ್ಲಾಸ್ಟಿಕ್ ಮೀನು ಸ್ವತಂತ್ರವಾಯಿತು. ಡಬ್ಬಿ ಎತ್ತಿಕೊಳ್ಳಲು ಬಾಗಿದ. ದೋಣಿ ಅತ್ತ ವಾಲಿತು. ಡಬ್ಬಿ ಇತ್ತ ಜಾರಿತು. ಒಳಗಿದ್ದುದೆಲ್ಲ ಒಂದೊಂದಾಗಿ ಮುಳುಗುವುದನ್ನು ಅವನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡು ನೋಡಿದ.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಸುತ್ತ ಬೂದು ನೀರು, ಮೇಲೆ ಬೂದು ಆಕಾಶ. ದಡದ ಮನೆಗಳು ಹಲ್ಲಿನ ಸಾಲಿನಂತೆ ಸಣ್ಣಗೆ ಕಾಣುತ್ತಿದ್ದವು. ಯಾರೂ ಕರೆಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಭಾವ ಪ್ರತಿ ವಾರ ಇಲ್ಲಿ ಕೂತು ಏನು ಯೋಚಿಸುತ್ತಿದ್ದಿರಬಹುದು ಎಂದು ಅವನು ಮೊದಲ ಸಲ ಕೇಳಿಕೊಂಡ. ಬದುಕಿದ್ದಾಗ ಆ ಮನುಷ್ಯನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿದ ನೆನಪೇ ಇರಲಿಲ್ಲ. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದಾಗ, ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣದ ತುಂಡು ಸಿಕ್ಕಿತು.

ಕೈ ತನ್ನಷ್ಟಕ್ಕೆ ಕೆಲಸ ಶುರುಮಾಡಿತು. ಉಸಿರಿನಿಂದ ಬಿಸಿ ಮಾಡಿ, ಬೆರಳಲ್ಲಿ ತಿಕ್ಕಿ, ಒಂದು ಹುಳು ಮಾಡಿದ. ಉಂಗುರ ಉಂಗುರವಾಗಿ ಗೆರೆ ಹಾಕಿದ. ಜಾಕೆಟ್ಟಿಗೆ ಸಿಕ್ಕಿಸಿದ್ದ ಇನ್ನೊಂದು ಕೊಕ್ಕೆಯನ್ನು ದಾರಕ್ಕೆ ಬಿಗಿದು, ಹುಳುವನ್ನು ಚುಚ್ಚಿ ಇಳಿಬಿಟ್ಟ. ಸ್ವಲ್ಪ ಹೊತ್ತಿಗೆ ಗಾಳದ ಕೋಲಿನ ತುದಿ ಬಾಗಿತು. ಸುತ್ತಿದ, ಸುತ್ತಿದ, ಕೊನೆಗೆ ಅಂಗೈಯಷ್ಟುದ್ದದ ಮೀನೊಂದು ದೋಣಿಯೊಳಗೆ ಬಿದ್ದು ಪಟಪಟ ಬಡಿದುಕೊಂಡಿತು. ಸಿಡುಕು ಮೋರೆಯ, ಮಾಸಲು ಬಣ್ಣದ ಮೀನು. ಅಷ್ಟು ಚೆಂದದ ಬಾಯಿಯನ್ನು ತಾನೆಂದೂ ಕಂಡಿರಲಿಲ್ಲ ಎಂದು ದಂತಣ್ಣನಿಗೆ ಎನಿಸಿತು. ಎಲ್ಲ ಹಲ್ಲೂ ಅದರದೇ.

ಗಾಳಿ ಅವನನ್ನು ಹೊರಟ ಜಾಗಕ್ಕೆ ಮರಳಿಸಲಿಲ್ಲ. ದೂರದ ಇಳಿಜಾರಿನ ಹತ್ತಿರ, ಮೀನಿನ ದೋಣಿಗಳು ಬಂದು ನಿಲ್ಲುವ ಕಡೆ ತಂದು ಹಾಕಿತು. ಅಲ್ಲಿ ಐಸಿನ ಪೆಟ್ಟಿಗೆಯ ಹಿಂದೆ ಕೂತಿದ್ದ ಮೀನು ಮಾರುವ ಹೆಂಗಸು ಮೊದಲು ದೋಣಿಯನ್ನು ನೋಡಿದಳು, ಆಮೇಲೆ ಅವನನ್ನು.

"ಈ ಹಳದಿ ದೋಣಿ ಸಾಹೇಬ್ರು ಎಲ್ಲಿ? ಎಷ್ಟು ದಿನ ಆಯ್ತು, ಬರ್ತಾನೇ ಇಲ್ಲ."

"ನಿಮಗೆ ಗೊತ್ತಾ ಅವರು?"

"ಗೊತ್ತಾ ಅಂದ್ರೆ? ಪ್ರತಿ ಭಾನುವಾರ ಎರಡು ಮೀನು. ಐಸು ತೊಳ್ದು ಕೊಡಮ್ಮ, ತುಟೀಲಿ ಗಾಳದ ತೂತು ಮಾಡಿ ಕೊಡಮ್ಮ ಅಂತಿದ್ರು. ತಾವೇ ಹಿಡಿದದ್ದು ಅಂತ ಮನೇಲಿ ಹೇಳ್ಬೇಕಂತೆ."

ದಂತಣ್ಣ ಬೆಪ್ಪನಂತೆ ನಿಂತ. ಆಮೇಲೆ ಭಾವ ಇಲ್ಲವಾದ ವಿಷಯ ಹೇಳಿದ. ಅವಳು ಕತ್ತಿಯನ್ನು ಬಟ್ಟೆಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

"ಒಳ್ಳೇ ಮನುಷ್ಯ," ಎಂದಳು. "ಸುಳ್ಳು ಹೇಳೋಕೂ ನಾಚ್ಕೋತಿದ್ರು."

ಆಮೇಲೆ ಎರಡು ದೊಡ್ಡ ಮೀನು ಆರಿಸಿ, ತೊಳೆದು, ಮೊಳೆಯಿಂದ ತುಟಿ ಚುಚ್ಚಿ ಅವನ ಮುಂದಿಟ್ಟಳು. "ತಗೊಂಡು ಹೋಗಣ್ಣ. ಅವರ ಪಾಲು ಅಂದ್ಕೊ."

"ನಾನೂ ಒಂದು ಹಿಡಿದಿದ್ದೀನಿ," ಎಂದು ದಂತಣ್ಣ ಚೀಲ ತೆರೆದು ತೋರಿಸಿದ. ಅವಳು ಇಣುಕಿ ನೋಡಿ, ಮರ್ಯಾದೆಗೆ ತಲೆಯಾಡಿಸಿದಳು.

ಅವನು ಅಲ್ಲೇ ಕೂತು ಯೋಚಿಸಿದ. ಈ ಸಿಡುಕು ಮೋರೆಯದನ್ನು ಮನೆಗೆ ಒಯ್ದರೆ ಅಕ್ಕ ಏನೆಂದುಕೊಂಡಾಳು? ಅದೇ ದೋಣಿ, ಅದೇ ಸಮುದ್ರ, ಭಾವ ತರುತ್ತಿದ್ದದ್ದು ಮೊಳದುದ್ದ, ತಮ್ಮ ತಂದದ್ದು ಅಂಗೈಯಷ್ಟು. ಒಂದು ಅನುಮಾನ ಹುಟ್ಟಿದರೆ ಸಾಕು. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಭಾನುವಾರಗಳೇ. ಅದನ್ನೂ ತಾನು ಕಿತ್ತುಕೊಳ್ಳಬೇಕೇ? ಸತ್ತವರ ಮಾನ ಈಗ ತನ್ನ ಚೀಲದಲ್ಲಿದೆ.

ಪೆಟ್ಟಿಗೆಯ ಕೆಳಗೆ ಒಂದು ಬೆಕ್ಕು ಮಲಗಿತ್ತು. ಅವನು ಬದುಕಿನಲ್ಲಿ ಹಿಡಿದ ಒಂದೇ ಮೀನನ್ನು ಅದರ ಮುಂದಿಟ್ಟ. ಬೆಕ್ಕು ಮೂಸಿ, ಒಮ್ಮೆ ಅವನ ಮುಖ ನೋಡಿ, ಅವನಿಗೆ ಉಪಕಾರ ಮಾಡುವಂತೆ ತಿಂದಿತು.

ದೋಣಿಯನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಮನೆ ಸೇರಿದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಟೀಚರಮ್ಮ ಹಿಂದೆ ನಿಂತು ಇಣುಕುತ್ತಿದ್ದರು. ದಂತಣ್ಣ ಎರಡೂ ಮೀನನ್ನು ಮೇಜಿನ ಮೇಲಿಟ್ಟು, ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತು ಒಪ್ಪಿಸಿದ. "ಭಾವ ಕೂರ್ತಿದ್ದ ಜಾಗದಲ್ಲೇ ಸಿಕ್ತು ಅಕ್ಕ."

"ಎಷ್ಟು ದೊಡ್ಡದು ಹಿಡಿದಿದ್ದೀರಿ," ಎಂದು ಟೀಚರಮ್ಮ ಮೆಚ್ಚಿ, ಸುದ್ದಿ ಹಂಚಲು ಹೊರಟುಹೋದರು.

ಅಕ್ಕ ಮೀನಿನ ಕಣ್ಣು ಒತ್ತಿದಳು. ಕಿವಿರು ಎತ್ತಿ ನೋಡಿದಳು. ತುಟಿಯ ತೂತಿನ ಮೇಲೆ ಬೆರಳಾಡಿಸಿದಳು.

"ಐಸಲ್ಲಿಟ್ಟಿದ್ದು," ಎಂದಳು.

ದಂತಣ್ಣ ಬಾಗಿ ತೂತನ್ನು ನೋಡಿದ.

"ಎಲ್ಲಾ ಮೀನೂ ಗಾಳಾನ ಬಲತುಟೀಲೇ ಕಚ್ಚತ್ತೇನೋ? ಮದುವೆಯಾದ ಮೊದಲ ವರ್ಷವೇ ಗೊತ್ತಾಗಿತ್ತು ನನಗೆ. ವಾರದಲ್ಲಿ ಅರ್ಧ ದಿನ ಅವರಿಗೆ ಒಬ್ಬರೇ ಇರ್ಬೇಕಿತ್ತು, ಇದ್ದರು. ನಾನು ಯಾಕೆ ಕೇಳ್ಲಿ?" ಅವಳ ಧ್ವನಿ ಇಳಿಯಿತು. "ಆದ್ರೆ ಆ ದೋಣಿ ಒಂದ್ಸಲವಾದ್ರೂ ನಿಜವಾದ ಮೀನು ತಂದಿದ್ರೆ ಅಂತ ಆಸೆ ಇತ್ತು. ಎಷ್ಟು ಚಿಕ್ಕದಾದ್ರೂ ಆಗ್ಲಿ. ಅದನ್ನ ನೋಡಿ ದೋಣೀನ ಕಳಿಸಿಬಿಡ್ತಿದ್ದೆ."

ದಂತಣ್ಣ ಕುರ್ಚಿ ಹುಡುಕಿ ಕೂತ.

"ಹಿಡಿದಿದ್ದೆ ಅಕ್ಕ. ದೇವರಾಣೆ ಹಿಡಿದಿದ್ದೆ. ಅಂಗೈಯಷ್ಟಿತ್ತು."

"ಎಲ್ಲಿ?"

"ಬೆಕ್ಕಿಗೆ ಹಾಕಿಬಿಟ್ಟೆ."

"ಯಾರು ನೋಡಿದ್ರು?"

"ಮೀನು ಮಾರೋಳು ನೋಡಿದ್ಳು."

"ತೂತು ಮಾಡಿ ಕೊಡ್ತಾಳಲ್ಲ, ಅವಳಾ?"

ಅಕ್ಕ ಅವನನ್ನೇ ದಿಟ್ಟಿಸಿದಳು. ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ದಂತಣ್ಣ ಎದ್ದ. ಅಳುತ್ತಿರಲಿಲ್ಲ, ನಗುತ್ತಿದ್ದಳು. ಮೇಜು ಹಿಡಿದುಕೊಂಡು ನಕ್ಕಳು, ಕೊನೆಗೆ ಅದು ಅಳುವೇ ಆಯಿತು. ಅಷ್ಟು ದಿನದಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ದಂತಣ್ಣ ಏನು ಮಾಡಬೇಕೆಂದು ತಿಳಿಯದೆ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತ.

"ಅವರೂ ಇದನ್ನೇ ಹೇಳಿದ್ರು ಕಣೋ," ಎಂದಳು ಅಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಒಂದ್ಸಲ ಮಾತ್ರ ತಡೀಲಾರದೆ ಕೇಳ್ಬಿಟ್ಟೆ, ನೀವೇ ಎಂದಾದ್ರೂ ಒಂದು ಹಿಡಿದಿದ್ದೀರಾ ಅಂತ. ಹಿಡಿದಿದ್ದೆ, ಹದ್ದು ಎತ್ಕೊಂಡು ಹೋಯ್ತು ಅಂದ್ರು. ಅವರು ಹದ್ದು ಅಂದ್ರು, ನೀನು ಬೆಕ್ಕು ಅಂತೀಯ."

ಅವಳು ಮೀನನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ಬಾಗಿಲಲ್ಲಿ ತಿರುಗಿದಳು.

"ಇವತ್ತು ಬೆಳಿಗ್ಗೆಯಿಂದ ಕಾಯ್ತಾ ಇದ್ದೆ. ಕಾಯೋಕೆ ಒಬ್ಬರಿದ್ರೆ ಭಾನುವಾರ ಹೇಗೋ ಕಳೆಯತ್ತೆ. ದೋಣಿ ಇಲ್ಲೇ ಇರ್ಲಿ. ಮುಂದಿನ ವಾರ ಇನ್ನೂ ಸ್ವಲ್ಪ ಬೇಗ ಹೊರಡು."

ದಂತಣ್ಣ ಒಬ್ಬನೇ ಕೂತ. ಆ ಹದ್ದು ನಿಜವಾಗಿಯೂ ಬಂದಿರಬಹುದು ಎಂಬುದು ಅವನಿಗೆ ಹೊಳೆದದ್ದು ಆಗಲೇ. ಭಾವನ ಆ ಮಾತನ್ನು ನಂಬುವವನು ಇಡೀ ಲೋಕದಲ್ಲಿ ಅವನೊಬ್ಬನೇ ಇದ್ದ. ಅವನ ಬೆಕ್ಕಿನ ಮಾತನ್ನು ನಂಬಬಹುದಾಗಿದ್ದ ಭಾವ ಈಗ ಇರಲಿಲ್ಲ. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು.