ಬಳಗದ ಮಾಜಿ ಪ್ರಧಾನಿಗಳು

ಅಧ್ಯಕ್ಷರು ಇರತಕ್ಕದ್ದು, ಪ್ರಧಾನಮಂತ್ರಿಗಳು ಹೋಗತಕ್ಕದ್ದು. ೨೦೦೯ರ ವಸಂತದಲ್ಲಿ ಮಿಶಿಗನ್ ರಾಜ್ಯದ ಓಕ್‌ಲ್ಯಾಂಡ್ ಕನ್ನಡ ಬಳಗದ ನಿಯಮಾವಳಿಗೆ ಸೇರಿದ ಈ ವಾಕ್ಯವನ್ನು ಸದಸ್ಯರೆಲ್ಲರೂ ಎದ್ದು ನಿಂತು ಅಂಗೀಕರಿಸಿದರು. ಅವರು ಎದ್ದು ನಿಂತದ್ದು ಊಟದ ಸಾಲಿಗಾಗಿ ಎಂದು ಕೆಲವರು ಆಮೇಲೆ ಹೇಳಿದರು. ನಡಾವಳಿಯಲ್ಲಿ ಆ ವಿವರ ಇಲ್ಲ.

ಆ ಯುಗಾದಿಯಂದು ಹೋಳಿಗೆ ಮಕ್ಕಳ ಪಂಕ್ತಿಗೇ ಮುಗಿದುಹೋಗಿತ್ತು. ದೊಡ್ಡವರ ಎಲೆಗೆ ತುಪ್ಪ ಮಾತ್ರ ಬಂತು. ಅಧ್ಯಕ್ಷ ಚಂದ್ರಮೌಳಿಯವರು ರಾಜೀನಾಮೆ ಕೊಡಬೇಕೆಂದು ಸಭೆ ಕೇಳಿತು. ಚಂದ್ರಮೌಳಿಯವರು ಬಳಗ ಹುಟ್ಟಿದಂದಿನಿಂದ ಅಧ್ಯಕ್ಷರು. ಹಿಂದೊಮ್ಮೆ ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಎರಡು ಚಳಿಗಾಲ ಕಳೆದು ಬಂದವರು. ಬರುವಾಗ ಎಲ್ಲರಿಗೂ ಚಾಕಲೇಟನ್ನೂ ತಮಗಾಗಿ ಒಂದು ರಾಜ್ಯಪದ್ಧತಿಯನ್ನೂ ತಂದಿದ್ದರು.

"ಅಲ್ಲೂ ಮೊದ್ಲು ಹೀಗೇ ಇತ್ತು," ಎಂದು ಅವರು ಸಮಾಧಾನದಿಂದ ವಿವರಿಸಿದರು. "ಮಾತೆತ್ತಿದ್ರೆ ಸರ್ಕಾರ ಬೀಳೋದು. ಒಬ್ರೇ ಮನುಷ್ಯ ಹತ್ತು ಸಲಕ್ಕಿಂತ ಜಾಸ್ತಿ ಪ್ರಧಾನಿ ಆಗಿದ್ದೂ ಉಂಟು. ಬೀಳೋದು, ಮನೆಗೆ ಹೋಗೋದು, ಮತ್ತೆ ಅವರನ್ನೇ ಕರೆಸೋದು. ಕೊನೆಗೆ ಐವತ್ತೆಂಟರಲ್ಲಿ ಸಂವಿಧಾನಾನೇ ಬದಲಾಯಿಸಿದ್ರು. ಮೇಲೆ ಗಟ್ಟಿ ರಾಷ್ಟ್ರಪತಿ, ಕೆಳಗೆ ಪ್ರಧಾನಿ. ಜನಕ್ಕೆ ಸಿಟ್ಟು ಬಂದ್ರೆ ಪ್ರಧಾನಿ ಹೋಗ್ತಾರೆ."

"ಮತ್ತ ರಾಷ್ಟ್ರಪತಿ ಏನ್ ಮಾಡ್ತಾರ್ರಿ?" ಹುಬ್ಬಳ್ಳಿಯ ರಾಚಯ್ಯ ಕೇಳಿದರು.

"ಇನ್ನೊಬ್ರನ್ನ ನೇಮಿಸ್ತಾರೆ."

ಅಲ್ಲಿಯ ಸಂವಿಧಾನದಲ್ಲಿ ಮತ ಹಾಕಿಸದೆಯೇ ಮಸೂದೆ ಪಾಸು ಮಾಡುವ ಒಂದು ವಿಧಿ ಇದೆ. ಫ್ರಾನ್ಸಿನಲ್ಲಿ ಅದನ್ನು ಪ್ರಧಾನಿ ಬಳಸುತ್ತಾರೆ. ಬಳಗದಲ್ಲಿ ಅಧ್ಯಕ್ಷರು ಬಳಸತಕ್ಕದ್ದು ಎಂದು ತಿದ್ದಿ, ಆ ವಿಧಿಯನ್ನು ಆ ವಿಧಿಯ ಪ್ರಕಾರವೇ ಪಾಸು ಮಾಡಲಾಯಿತು.

ಮೊದಲ ಪ್ರಧಾನಿಯಾಗಿ ಹಯವದನ ನೇಮಕಗೊಂಡರು. ಹೋಳಿಗೆಯ ನೈತಿಕ ಹೊಣೆ ಹೊತ್ತು, ಪಾಯಸ ಬರುವುದರೊಳಗೆ ಬಿದ್ದರು.

ಇದು ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಆಗ ಕಾರು ಕಂಪನಿಗಳು ಮುಳುಗುತ್ತಿದ್ದ ಡೆಟ್ರಾಯಿಟ್ ಸುತ್ತ ಕೆಲಸ ಇದ್ದವರನ್ನು ಜನ ಬೆರಳು ಮಾಡಿ ತೋರಿಸುತ್ತಿದ್ದರು. ಹಯವದನರ ಕೆಲಸವೂ ಹೋಗಿತ್ತು. ಇಂಟರ್ವ್ಯೂಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ? ಹಯವದನ ತಮ್ಮ ರೆಸ್ಯುಮೆಯ ಖಾಲಿ ಜಾಗದಲ್ಲಿ "ಪ್ರಧಾನಮಂತ್ರಿ" ಎಂದು ತುಂಬಿದರು. ಅವರಿಗೆ ಓಹಾಯೋದಲ್ಲಿ ಕೆಲಸ ಸಿಕ್ಕಿತು. ಸುದ್ದಿ ಬಂದ ಮರುದಿನ ಚಂದ್ರಮೌಳಿಯವರ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ.

ಹೀಗೆ ಕಾರು ತಂದವರಲ್ಲಿ ಶಶಿಧರನೂ ಒಬ್ಬ. ವಿಕ್ಸಮ್‌ನಲ್ಲಿ ಕಾರಿನ ಸೀಟಿಗೆ ಬ್ರ್ಯಾಕೆಟ್ ಡಿಸೈನ್ ಮಾಡುತ್ತಿದ್ದ. ಫೆಬ್ರವರಿಯಲ್ಲಿ ಕಂಪನಿ ಅವನನ್ನು ಕಳಿಸಿತು, ಮಾರ್ಚ್‌ನಲ್ಲಿ ಕಂಪನಿಯೇ ಹೋಯಿತು. ಬೇಸಿಗೆಯೊಳಗೆ ಕೆಲಸ ಸಿಗದಿದ್ದರೆ ಫಾರ್ಮಿಂಗ್ಟನ್ ಹಿಲ್ಸ್‌ನ ಮನೆ ಬಿಟ್ಟು, ಚಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿರುವ ಹೆಂಡತಿ ತನ್ಮಯಿಯ ಅಣ್ಣ ರಘೋತ್ತಮರ ಬೇಸ್‌ಮೆಂಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ರಘೋತ್ತಮ.

"ಬೇಸ್‌ಮೆಂಟ್ ಖಾಲಿ ಇದೆ, ಸಂಕೋಚ ಬೇಡ," ಎಂದು ಭಾವ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದರು. "ಟ್ರೆಡ್‌ಮಿಲ್ ಒಂದಿದೆ. ಬೆಳಿಗ್ಗೆ ಐದಕ್ಕೆ ನಾನು ಓಡ್ತೀನಿ. ನೀವು ಮಲಗಿರಿ."

"ಅಣ್ಣನ ಮನೇಲಿ ಇರೋದಾದ್ರೆ ನಾನು ಮೈಸೂರಿಗೇ ಹೋಗ್ತೀನಿ," ಎಂದಳು ತನ್ಮಯಿ. "ಹೋಗಿ, ಪ್ರಧಾನಿ ಆಗಿ ಬನ್ನಿ."

ಹಯವದನರ ನಂತರ ಬಂದ ರಮೇಶರ ಸರ್ಕಾರ ಮೈಕ್ ಕೆಟ್ಟಿದ್ದಕ್ಕೆ ಬಿತ್ತು. ಮೈಸೂರಿನವರಿಗೆ ಪುಳಿಯೋಗರೆ, ಹುಬ್ಬಳ್ಳಿಯವರಿಗೆ ರೊಟ್ಟಿ ಎಂಬ ಒಪ್ಪಂದದ ಮೇಲೆ ನಿಂತ ವೆಂಕಟರಾಮು ಅವರ ಸಹಬಾಳ್ವೆ ಸರ್ಕಾರ, ಎರಡೂ ಒಂದೇ ತಟ್ಟೆಗೆ ಬಿದ್ದಾಗ ಬಿತ್ತು. ಆಮೇಲೆ ಶಶಿಧರನ ಸರದಿ. ಅವನು ಕುರ್ಚಿ, ಸಾಂಬಾರು ಮತ್ತು ಪಾರ್ಕಿಂಗ್ ಖಾತೆಗಳಿಗೆ ಮಂತ್ರಿಗಳನ್ನು ನೇಮಿಸಿದ. ಮೂವರೂ ನಿರುದ್ಯೋಗಿಗಳಾದ್ದರಿಂದ ಆಡಳಿತ ಚುರುಕಾಗಿತ್ತು.

ಅಷ್ಟರಲ್ಲಿ ಡೌನರ್ಸ್ ಗ್ರೋವ್‌ನ ಒಂದು ಬಿಡಿಭಾಗಗಳ ಕಂಪನಿ ಅವನನ್ನು ಇಂಟರ್ವ್ಯೂಗೆ ಕರೆಯಿತು. ಕೆಲಸ ಸಿಕ್ಕಿದರೆ ಭಾವನ ಊರಿನಲ್ಲೇ ಬೇರೆ ಮನೆ ಮಾಡಬಹುದು. ತನ್ಮಯಿಗೂ ಅದು ಒಪ್ಪಿಗೆಯಾಯಿತು. ರೆಸ್ಯುಮೆಯಲ್ಲಿ ಅವನು "ಹಾಲಿ ಪ್ರಧಾನಮಂತ್ರಿ" ಎಂದು ಬರೆದಿದ್ದ. ಕೆಲಸದಲ್ಲಿ ಇರುವವರಿಗೇ ಕೆಲಸ ಕೊಡುವ ಕಾಲ ಅದು. ಇಂಟರ್ವ್ಯೂ ಮುಗಿಯುವವರೆಗೆ ಸರ್ಕಾರ ಉಳಿಯಬೇಕಿತ್ತು.

ಅದಕ್ಕೆ ಮುಂಚಿನ ಶನಿವಾರ ಬಳಗದ ಪಿಕ್ನಿಕ್. ಎಲ್ಲರೂ ಪುಳಿಯೋಗರೆ ಟ್ರೇ ಹಿಡಿದು ಪಾರ್ಕಿಗೆ ಬಂದಾಗ, ಅಲ್ಲಿದ್ದ ಒಂದೇ ಸೂರಾದ ಶೆಲ್ಟರಿನಡಿ ಬೇರೆ ಯಾರದೋ ಮಗುವಿನ ಹುಟ್ಟುಹಬ್ಬ ನಡೆಯುತ್ತಿತ್ತು. ಮಳೆ ಹಿಡಿಯಿತು. ಅಜ್ಜಿಯರು ಕಾರುಗಳಲ್ಲಿ ಕುಳಿತರು, ಮೊಸರನ್ನ ಡಿಕ್ಕಿಗಳಲ್ಲಿ ಕುಳಿತಿತು.

ಶೆಲ್ಟರ್ ಬುಕ್ ಮಾಡುವುದಾಗಿ ಏಪ್ರಿಲ್‌ನಲ್ಲೇ ಒಪ್ಪಿಕೊಂಡಿದ್ದವರು ಚಂದ್ರಮೌಳಿಯವರು.

"ಅದು ನಿಮ್ಮ ಕೆಲಸ ಆಗಿತ್ತಲ್ಲ ಸರ್," ಎಂದ ಶಶಿಧರ.

"ಹೌದು, ಮರೆತೆ," ಎಂದರು ಅಧ್ಯಕ್ಷರು. "ಅದಕ್ಕೇ ನೀವಿರೋದು."

"ಗುರುವಾರ ನಂಗೆ ಇಂಟರ್ವ್ಯೂ ಇದೆ. ಶುಕ್ರವಾರ ಬಿದ್ರೆ ಆಗಲ್ವಾ?"

"ಶಶಿ, ಜನ ಈಗ ನೆನೀತಿದಾರೆ. ಶುಕ್ರವಾರದ ಹೊತ್ತಿಗೆ ಒಣಗಿರ್ತಾರೆ."

ವಾದದಲ್ಲಿ ಹುಳುಕಿರಲಿಲ್ಲ. ಶಶಿಧರ ಬೆಂಚಿನ ಮೇಲೆ ಹತ್ತಿ ನಿಂತ. "ಬಳಗದ ಬಂಧುಗಳೇ, ಸೂರಿಲ್ಲದ ಈ ಪರಿಸ್ಥಿತಿಗೆ ನನ್ನ ಸರ್ಕಾರವೇ ಸಂಪೂರ್ಣ ಹೊಣೆ. ಅಧ್ಯಕ್ಷರ ದೂರದೃಷ್ಟಿಗೆ ನಾನು ಋಣಿ," ಎಂದು ಮಳೆಯಲ್ಲೇ ಪೂರ್ತಿ ಮಾತಾಡಿ ಇಳಿದ. ಕಾರುಗಳೊಳಗಿಂದ ಹಾರ್ನ್ ಹೊಡೆದು ಜನ ಮೆಚ್ಚುಗೆ ತಿಳಿಸಿದರು. ಹುಟ್ಟುಹಬ್ಬದವರು ಅವನಿಗೊಂದು ತುಂಡು ಕೇಕ್ ಕೊಟ್ಟರು.

"ಭಾಳ ಚಂದ ಬಿದ್ರಿ ನೋಡ್ರಿ," ರಾಚಯ್ಯ ಕೈ ಕುಲುಕಿದರು. "ಮುಂದಿನ ಪಾಳಿ ನಂದು. ಆ ಭಾಷಣ ನನಗೂ ಕೊಡ್ರಿ."

ಮನೆಗೆ ಹೋಗುವ ದಾರಿಯಲ್ಲಿ ಹಿಂದಿನ ಸೀಟಿನಿಂದ ಮಗಳು ಮಾನ್ಯಾ, "ಡ್ಯಾಡ್, ಡು ಐ ಗೆಟ್ ಮೈ ಓನ್ ಕಾರ್ನರ್ ಇನ್ ದ ಬೇಸ್‌ಮೆಂಟ್?" ಎಂದು ಕೇಳಿದಳು.

ಗುರುವಾರ ಇಂಟರ್ವ್ಯೂ ಮಾಡಿದ ಮ್ಯಾನೇಜರ್‌ಗೆ ಬ್ರ್ಯಾಕೆಟ್ಟುಗಳಲ್ಲಿ ಆಸಕ್ತಿ ಇರಲಿಲ್ಲ. ಅವರ ಬೆರಳು ನಿಂತದ್ದು ಬೇರೆ ಸಾಲಿನ ಮೇಲೆ.

"ಈಗಲೂ ಪ್ರಧಾನಮಂತ್ರಿಯೇ?"

ಸುಳ್ಳು ಹೇಳಲು ಶಶಿಧರನಿಗೆ ನಾಲಿಗೆ ಬರಲಿಲ್ಲ. "ಶನಿವಾರ ರಾಜೀನಾಮೆ ಕೊಟ್ಟೆ. ಪಿಕ್ನಿಕ್‌ನಲ್ಲಿ ಒಂದು ತಪ್ಪಾಯಿತು."

"ತಪ್ಪು ನಿಮ್ಮದೇ?"

"ಅಲ್ಲ, ಅಧ್ಯಕ್ಷರದು."

"ಅದನ್ನು ಯಾರಿಗಾದರೂ ಹೇಳಿದಿರಾ?"

"ಇಲ್ಲ. ಹೊಣೆ ನನ್ನದೇ ಎಂದು ಬೆಂಚಿನ ಮೇಲೆ ನಿಂತು ಹೇಳಿದೆ."

ಮ್ಯಾನೇಜರ್ ಪೆನ್ನು ಕೆಳಗಿಟ್ಟು ಹೊರಗೆ ಹೋದರು. ಬರುವಾಗ ಕಂಪನಿಯ ಮುಖ್ಯಸ್ಥರನ್ನೇ ಕರೆತಂದರು. ಮುಖ್ಯಸ್ಥರು ಬೆಂಚಿನ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಮಳೆ ಜೋರಾಗಿತ್ತೇ ಎಂದೂ ಕೇಳಿದರು. ಆ ವರ್ಷ ಕಂಪನಿಯಲ್ಲಿ ನಷ್ಟ ಬೇಕಾದಷ್ಟಿತ್ತು, ಅದಕ್ಕೆ ಹೊಣೆ ಹೊರುವವರು ಸಿಕ್ಕಿರಲಿಲ್ಲ.

ಶಶಿಧರ ಹೊಣೆಗಾರಿಕೆ ವಿಭಾಗದ ನಿರ್ದೇಶಕನಾದ. ವಿಭಾಗದಲ್ಲಿ ಅವನೊಬ್ಬನೇ. ಸಂಬಳ ಹಿಂದಿನದಕ್ಕಿಂತ ಚೆನ್ನಾಗಿತ್ತು. ಒಂದೇ ತೊಡಕು: ಕೆಲಸದ ಸ್ವರೂಪ ಕೇಳಿದ ಯಾರೂ ಅವನಿಗೆ ಒಂದು ವರ್ಷದ ಬಾಡಿಗೆ ಕರಾರಿಗೆ ಮನೆ ಕೊಡಲಿಲ್ಲ. ಹಾಗಾಗಿ ಸಂಸಾರ ರಘೋತ್ತಮರ ಬೇಸ್‌ಮೆಂಟಿಗೇ ಬಂದಿಳಿಯಿತು. ತನ್ಮಯಿ ಮೈಸೂರಿಗೆ ಹೋಗಲಿಲ್ಲ, ಆದರೆ ಸೂಟ್‌ಕೇಸ್ ಬಿಚ್ಚಲೂ ಇಲ್ಲ. ಬೆಳಿಗ್ಗೆ ಐದಕ್ಕೆ ಭಾವ ಓಡಿದರು. ಸಂಜೆ ಬಂದವರಿಗೆಲ್ಲ, "ನಮ್ಮ ತಂಗಿಯ ಯಜಮಾನರು, ಮಾಜಿ ಪ್ರಧಾನಿ," ಎಂದು ಪರಿಚಯ ಮಾಡಿಸಿದರು.

ಅಕ್ಟೋಬರ್‌ನಲ್ಲಿ ಕಂಪನಿಯ ಮೂರು ತಿಂಗಳ ನಷ್ಟ ಪ್ರಕಟವಾಯಿತು. ಶಶಿಧರ ಷೇರುದಾರರ ಮುಂದೆ ನಿಂತು ರಾಜೀನಾಮೆ ಕೊಟ್ಟ. ಮುಖ್ಯಸ್ಥರಿಗೆ ಬೋನಸ್ ಬಂತು. ಸೋಮವಾರ ಅವನನ್ನೇ ಮತ್ತೆ ಕರೆಸಿ, ಅದೇ ಮೇಜಿನ ಮುಂದೆ, ಉತ್ತರದಾಯಿತ್ವ ವಿಭಾಗದ ನಿರ್ದೇಶಕನಾಗಿ ನೇಮಿಸಿದರು.

ನವೆಂಬರ್‌ನ ರಾಜ್ಯೋತ್ಸವಕ್ಕೆ ಶಶಿಧರನ ಮನೆಯವರೆಲ್ಲ ಮಿಶಿಗನ್‌ಗೆ ಡ್ರೈವ್ ಮಾಡಿಕೊಂಡು ಹೋದರು. ಮಾಜಿ ಪ್ರಧಾನಿಗಳು ಮುಂದಿನ ಸಾಲಿನಲ್ಲಿ ಕೂರತಕ್ಕದ್ದು ಎಂದು ನಿಯಮ ಬಂದಿತ್ತು. ಅಷ್ಟರಲ್ಲಿ ಬಹುತೇಕ ಎಲ್ಲರೂ ಮಾಜಿಗಳಾಗಿದ್ದರಿಂದ ಸಭಾಂಗಣದಲ್ಲಿ ಒಂದೇ ಸಾಲಿತ್ತು. ಅದು ಗೋಡೆ ಮುಟ್ಟಿ, ತಿರುಗಿ, ಅಡುಗೆಮನೆಯ ಬಾಗಿಲವರೆಗೆ ಹೋಗಿತ್ತು. ವೇದಿಕೆಯ ಮೇಲೆ ಚಂದ್ರಮೌಳಿಯವರು ದೀಪ ಹಚ್ಚಿದರು. ಬೆಂಕಿಕಡ್ಡಿ ಮೊದಲ ಸಲ ಹತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಮೂರನೇ ಸಲ ಪ್ರಧಾನಿಯಾಗಿದ್ದ ರಾಚಯ್ಯ ರಾಜೀನಾಮೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಲಿನ ತುದಿಯಲ್ಲಿ, ಅಡುಗೆಮನೆಯ ಬಾಗಿಲ ಬಳಿ, ತನ್ಮಯಿ ಗಂಡನ ಕಡೆ ವಾಲಿದಳು.

"ನಿಮ್ಮ ಮುಂದಿನ ರಾಜೀನಾಮೆ ಯಾವಾಗ?"

"ಜನವರಿಯಲ್ಲಿ. ಆಮೇಲೆ ಏಪ್ರಿಲ್, ಜುಲೈ. ವರ್ಷ ಪೂರ್ತಿ ಇದೆ."

"ಪರ್ಮನೆಂಟ್ ಅಂತ ಆಯ್ತಲ್ಲ," ಎಂದಳು ತನ್ಮಯಿ. "ನಾಳೆ ವಾಪಸ್ ಹೋಗಿ ಮನೆ ನೋಡೋಣ."